ಇಲಾಖೆಯ ಖರ್ಚು: ಬಜೆಟ್‌ನಿಂದ ಪಿಎಸಿ ವರದಿವರೆಗೆ ಬೆನ್ನು ಹತ್ತುವುದು ಹೇಗೆ?

ಬಜೆಟ್ ದಿನ ಎಲ್ಲರ ಕಣ್ಣೂ ಘೋಷಣೆಗಳ ಮೇಲಿರುತ್ತದೆ. ಆ ಹಣ ಖರ್ಚಾಯಿತೇ, ಯಾವುದಕ್ಕೆ ಆಯಿತು, ತಪ್ಪಾದಾಗ ಇಲಾಖೆ ಏನು ಉತ್ತರ ಕೊಟ್ಟಿತು ಎಂಬುದು ತಿಳಿಯುವುದು ವರ್ಷಗಳ ಬಳಿಕ, ಬೇರೆ ಬೇರೆ ದಾಖಲೆಗಳಿಂದ: ಬಜೆಟ್ ಪುಸ್ತಕದಿಂದ ಹಿಡಿದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ (ಪಿಎಸಿ) ವರದಿಯವರೆಗೆ. ಇವೆಲ್ಲ ಸಂಸತ್ತಿನ ಮುಂದೆ ಮಂಡನೆಯಾದ ದಾಖಲೆಗಳು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕೇಂದ್ರ ಸಚಿವಾಲಯವೊಂದರ ಒಂದೇ ಒಂದು ಯೋಜನೆಯನ್ನು ಆಯ್ದುಕೊಂಡು ಶುರು ಮಾಡಿ. ಇಡೀ ಇಲಾಖೆಯನ್ನು ಒಟ್ಟಿಗೆ ನೋಡಲು ಹೋದರೆ ಅಂಕಿಗಳ ರಾಶಿಯಲ್ಲಿ ದಾರಿ ತಪ್ಪುತ್ತದೆ.

ಮೊದಲು ಲೆಕ್ಕ ಶೀರ್ಷಿಕೆ

ಸಚಿವಾಲಯಗಳು ಸದನದಿಂದ ಹಣ ಕೇಳುವ ಅನುದಾನ ಬೇಡಿಕೆಗಳ ಪುಸ್ತಕದಲ್ಲಿ ಯೋಜನೆಯ ಹೆಸರಿನ ಜೊತೆ ಲೆಕ್ಕ ಶೀರ್ಷಿಕೆಯ (ಖರ್ಚನ್ನು ವಿಂಗಡಿಸುವ ಸಂಕೇತ) ಸಂಖ್ಯೆಯನ್ನೂ ಬರೆದುಕೊಳ್ಳಿ. ಬೇಡಿಕೆಯ ಕ್ರಮಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಯೋಜನೆಯ ಹೆಸರೂ ಬದಲಾಗಬಹುದು. ಪ್ರಧಾನ ಶೀರ್ಷಿಕೆ ನಾಲ್ಕು ಅಂಕಿಗಳದ್ದು. 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ (ಸಂಬಳದಂಥ ನಿತ್ಯದ ಖರ್ಚು), 4 ಅಥವಾ 5 ಇದ್ದರೆ ಬಂಡವಾಳ ವೆಚ್ಚ (ಕಟ್ಟಡದಂಥ ಆಸ್ತಿಗೆ ಮಾಡುವ ಖರ್ಚು). ಉದಾಹರಣೆಗೆ 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ, 4210 ಅದೇ ವಲಯದ ಬಂಡವಾಳ ವೆಚ್ಚ. ಕಟ್ಟಡ ಕಟ್ಟಲು ಇಟ್ಟ ಹಣವನ್ನು ಸಂಬಳಕ್ಕೆ ಬಳಸಲು ಇಲಾಖೆ ತಾನಾಗಿಯೇ ತೀರ್ಮಾನಿಸುವಂತಿಲ್ಲ. ಬಂಡವಾಳದಿಂದ ರಾಜಸ್ವಕ್ಕೆ ಮರುವಿನಿಯೋಗ (ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದು) ಮಾಡಲು ಅವಕಾಶವೇ ಇಲ್ಲ.

ಮೂರು ವರ್ಷದ ಅಂಕಿ ಒಂದೇ ಸಾಲಿನಲ್ಲಿ

2025–26ರ ಬಜೆಟ್ ಪುಸ್ತಕದಲ್ಲಿ 2023–24ರ ವಾಸ್ತವ ವೆಚ್ಚ, 2024–25ರ ಬಜೆಟ್ ಅಂದಾಜು ಮತ್ತು ಪರಿಷ್ಕೃತ ಅಂದಾಜು, 2025–26ರ ಬಜೆಟ್ ಅಂದಾಜು ಅಕ್ಕಪಕ್ಕ ಇವೆ. ಹೀಗಾಗಿ ಒಂದು ವರ್ಷದ ನಿಜವಾದ ಖರ್ಚು ಎರಡು ಬಜೆಟ್‌ಗಳ ನಂತರ ಕಾಣಸಿಗುತ್ತದೆ. ಅನೇಕರು ಎಡವುವುದು ಇಲ್ಲೇ. ವರ್ಷದ ನಡುವೆ ಅನುದಾನ ಕಡಿತ ಮಾಡಿ, ಆ ಪರಿಷ್ಕೃತ ಅಂದಾಜಿಗೆ ಹೋಲಿಸಿ ‘ಬಹುತೇಕ ಪೂರ್ತಿ ಖರ್ಚಾಗಿದೆ’ ಎಂದು ತೋರಿಸಬಹುದು. ಸದನ ಮೊದಲು ಒಪ್ಪಿದ್ದು ಬಜೆಟ್ ಅಂದಾಜನ್ನು. ಹೋಲಿಕೆಯೂ ಅದರೊಂದಿಗೇ ಆಗಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ರಾಜ್ಯಕ್ಕೋ ಅನುಷ್ಠಾನ ಸಂಸ್ಥೆಗೋ ಅನುದಾನ ಬಿಡುಗಡೆಯಾದ ಕೂಡಲೇ ಕೇಂದ್ರದ ಲೆಕ್ಕದಲ್ಲಿ ಅದು ‘ವೆಚ್ಚ’. ಹಣ ಬ್ಯಾಂಕ್ ಖಾತೆಯಲ್ಲೇ ಬಿದ್ದಿದ್ದರೂ ಆ ಲೆಕ್ಕ ಬದಲಾಗುವುದಿಲ್ಲ. ಅದಕ್ಕಾಗಿಯೇ ಬಳಕೆ ಪ್ರಮಾಣಪತ್ರ ಇರುವುದು: ಹಣವನ್ನು ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆ ಎಂದು ಪಡೆದವರು ಬರೆದುಕೊಡುವ ಪತ್ರ. 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಅದನ್ನು ಸಲ್ಲಿಸಬೇಕು. ಬಾಕಿ ಪ್ರಮಾಣಪತ್ರಗಳ ವಿವರ ಹುಡುಕದೆ ‘ಹಣ ಜನರಿಗೆ ತಲುಪಿತು’ ಎಂದು ಬರೆಯಬೇಡಿ.

ಸ್ಥಾಯಿ ಸಮಿತಿಯ ವರದಿ

ಲೋಕಸಭೆಯಲ್ಲಿ ಚರ್ಚೆಯಾಗುವುದು ಕೆಲವೇ ಸಚಿವಾಲಯಗಳ ಬೇಡಿಕೆ. ಉಳಿದವನ್ನು ನಿಗದಿತ ದಿನ ಚರ್ಚೆಯಿಲ್ಲದೆ ಒಟ್ಟಾಗಿ ಮತಕ್ಕೆ ಹಾಕಲಾಗುತ್ತದೆ. ಆದ್ದರಿಂದ ನಿಜವಾದ ಪ್ರಶ್ನೋತ್ತರ ಸಿಗುವುದು ಇಲಾಖಾ ಸ್ಥಾಯಿ ಸಮಿತಿಗಳ ವರದಿಯಲ್ಲಿ. ಇಂಥ 24 ಸಮಿತಿಗಳಿವೆ, ಪ್ರತಿಯೊಂದರಲ್ಲೂ 31 ಸಂಸದರು. ಹಣ ಏಕೆ ಉಳಿಯಿತು ಎಂಬುದಕ್ಕೆ ಇಲಾಖೆ ಕೊಟ್ಟ ಲಿಖಿತ ಉತ್ತರಗಳನ್ನು ಅಲ್ಲಿ ಓದಬಹುದು.

ಧನವಿನಿಯೋಗ ಲೆಕ್ಕ ಮತ್ತು ಸಿಎಜಿ (ನಿಯಂತ್ರಕ ಮತ್ತು ಮಹಾಲೇಖಪಾಲ) ವರದಿ

ಮಂಜೂರಾದ ಹಣವನ್ನೂ ನಿಜವಾದ ಖರ್ಚನ್ನೂ ಹೋಲಿಸುವ ಧನವಿನಿಯೋಗ ಲೆಕ್ಕಗಳಲ್ಲಿ ನಿಮ್ಮ ಶೀರ್ಷಿಕೆಯ ಎದುರು ಮೂಲ ಅನುದಾನ, ಪೂರಕ ಅನುದಾನ (ವರ್ಷದ ನಡುವೆ ಪಡೆದ ಹೆಚ್ಚುವರಿ ಹಣ), ಮರುವಿನಿಯೋಗ, ವಾಸ್ತವ ವೆಚ್ಚ ಇರುತ್ತವೆ. ಮೂಲ ಅನುದಾನವೇ ಮುಗಿಯದಿದ್ದಾಗ ಪೂರಕ ಅನುದಾನವನ್ನೂ ಪಡೆದಿದ್ದರೆ ಅಂದಾಜು ಕೆಟ್ಟಿದೆ ಎಂದೇ ಅರ್ಥ. ಮಂಜೂರಾತಿ ಮೀರಿ ಖರ್ಚಾಗಿದ್ದರೆ ಅದು ಇನ್ನೂ ಗಂಭೀರ: ಪಿಎಸಿ ಪರಿಶೀಲಿಸಿದ ಮೇಲೆ, ಸಂವಿಧಾನದ 115ನೇ ವಿಧಿಯಡಿ ಸಂಸತ್ತು ಅದನ್ನು ಸಕ್ರಮಗೊಳಿಸಬೇಕು. ಮಾರ್ಚ್ ತಿಂಗಳ ಖರ್ಚನ್ನೂ ನೋಡಿ. ಗಡಿಬಿಡಿಯಲ್ಲಿ ಹಣ ಸುರಿಯುವುದನ್ನು ತಡೆಯಲೆಂದೇ ಕೊನೆಯ ತ್ರೈಮಾಸಿಕಕ್ಕೆ ಶೇ 33, ಮಾರ್ಚ್‌ಗೆ ಶೇ 15ರ ಮಿತಿಯನ್ನು ಹಣಕಾಸು ಸಚಿವಾಲಯ ಹಾಕಿದೆ.

ಪಿಎಸಿ ಕೇಳಿದ್ದೇನು?

1921ರಲ್ಲಿ ಹುಟ್ಟಿದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಲೋಕಸಭೆಯ 15, ರಾಜ್ಯಸಭೆಯ 7 ಸದಸ್ಯರಿದ್ದಾರೆ. ಸಚಿವರು ಸದಸ್ಯರಾಗುವಂತಿಲ್ಲ. 1967ರಿಂದ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಸಲ್ಲುತ್ತಿದೆ. ಇಲಾಖೆಯ ಕಾರ್ಯದರ್ಶಿಯೇ ಬಂದು ಸಾಕ್ಷ್ಯ ಹೇಳಬೇಕು. ಸಿಎಜಿ ಲೆಕ್ಕಪರಿಶೋಧನಾ ವರದಿಯ ಎಲ್ಲ ಕಂಡಿಕೆಗಳನ್ನೂ (ಪ್ಯಾರಾಗಳು) ಸಮಿತಿ ವಿಚಾರಣೆಗೆ ಎತ್ತಿಕೊಳ್ಳಲು ಆಗದು. ಎತ್ತಿಕೊಳ್ಳದ ಕಂಡಿಕೆ ಸತ್ತುಹೋಯಿತೆಂದು ಬಿಡಬೇಡಿ, ಅದಕ್ಕೂ ವರದಿ ಮಂಡನೆಯಾದ ನಾಲ್ಕು ತಿಂಗಳೊಳಗೆ ಇಲಾಖೆ ಕ್ರಮದ ಟಿಪ್ಪಣಿ ಸಲ್ಲಿಸಬೇಕು.

ಪಿಎಸಿ ಶಿಫಾರಸುಗಳಿಗೆ ಉತ್ತರಿಸಲು ಇಲಾಖೆಗೆ ಆರು ತಿಂಗಳ ಗಡುವು. ಆಮೇಲೆ ಬರುವ ಕ್ರಮ ಕೈಗೊಂಡ ವರದಿಯಲ್ಲಿ ಐದು ಅಧ್ಯಾಯಗಳಿರುತ್ತವೆ. ಎರಡನೆಯದು ಸರ್ಕಾರ ಒಪ್ಪಿದ ಶಿಫಾರಸುಗಳು, ಮೂರನೆಯದು ಉತ್ತರ ನೋಡಿ ಸಮಿತಿ ಕೈಬಿಟ್ಟವು. ನಾಲ್ಕನೆಯದನ್ನು ತಪ್ಪದೆ ಓದಿ: ಇಲಾಖೆಯ ಉತ್ತರವನ್ನು ಸಮಿತಿ ಒಪ್ಪದ ಶಿಫಾರಸುಗಳು ಅಲ್ಲಿರುತ್ತವೆ. ಐದನೆಯದರಲ್ಲಿ ಮಧ್ಯಂತರ ಉತ್ತರವಷ್ಟೇ ಬಂದವು.

ನಾಲ್ಕನೇ ಅಥವಾ ಐದನೇ ಅಧ್ಯಾಯದಲ್ಲಿ ನಿಮ್ಮ ಯೋಜನೆ ಕಂಡರೆ, ವರದಿ ಮತ್ತು ಕಂಡಿಕೆಯ ಸಂಖ್ಯೆ ಸಮೇತ ನಿಮ್ಮ ಸಂಸದರಿಗೆ ಬರೆದು, ಸದನದಲ್ಲಿ ಪ್ರಶ್ನೆ ಕೇಳಲು ಹೇಳಿ. ‘ಏನು ಕ್ರಮ ಕೈಗೊಂಡಿದ್ದೀರಿ’ ಎಂದಷ್ಟೇ ಕೇಳಿಸಿದರೆ ಹಾರಿಕೆಯ ಉತ್ತರ ಬರುತ್ತದೆ. ಎಷ್ಟು ಹಣ ವಸೂಲಾಯಿತು, ಎಷ್ಟು ಬಳಕೆ ಪ್ರಮಾಣಪತ್ರ ಬಾಕಿ, ಯಾವ ದಿನಾಂಕಕ್ಕೆ ಎಂದು ಕೇಳಿಸಿ. ಪ್ರಶ್ನೆಗೆ 15 ದಿನಗಳ ಮುಂಚಿತ ಸೂಚನೆ ಬೇಕು. ಸಚಿವರು ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂದರೆ ಅದು ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಬೇಕು, ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ.