ವೈ ಬಿಡಿಸದೆಯೇ ವಕ್ರರೇಖೆಯನ್ನು ಅರಿಯುವ ಬಗೆ

ಮಳೆಗಾಲದಲ್ಲಿ ಒಮ್ಮೆ ಹೋದ ಕರೆಂಟು ದಿನಗಟ್ಟಲೆ ಬಾರದಿರುವ ಕೊಡಗಿನ ಊರುಗಳಲ್ಲಿ ಓದುವ ಪಿಯುಸಿ ವಿದ್ಯಾರ್ಥಿಗಳು, ಗ್ರಾಫ್ ತೋರಿಸುವ ಆ್ಯಪನ್ನು ನೆಚ್ಚಿಕೊಳ್ಳದೆ, ಕಾಗದ ಮತ್ತು ಪೆನ್ಸಿಲಿನಿಂದಲೇ ವಕ್ರರೇಖೆಯ ಸ್ವರೂಪವನ್ನು ಗುರುತಿಸಲು ಕಲಿಯಬೇಕೆಂಬುದು ನನ್ನ ಆಸೆ. ಎಕ್ಸ್ ಮತ್ತು ವೈ ಬೆರೆತಿರುವ ಅವ್ಯಕ್ತ ಸಮೀಕರಣವನ್ನು ಕಂಡೊಡನೆ ಹಲವರು ವೈಯನ್ನು ಒಂದು ಬದಿಗೆ ತರಲು ಹೆಣಗುತ್ತಾರೆ. ಅಕ್ಷಗಳನ್ನು ಛೇದಿಸುವ ಬಿಂದುಗಳಿಗಾಗಲಿ ಸಮ್ಮಿತಿಗಾಗಲಿ (ಮಡಿಸಿದಾಗ ಅಥವಾ ಅರ್ಧ ಸುತ್ತು ತಿರುಗಿಸಿದಾಗ ರೇಖೆ ತನ್ನ ಮೇಲೆಯೇ ಕೂರುವ ಗುಣ) ಅದರ ಅಗತ್ಯವಿಲ್ಲ.

ಎಕ್ಸ್² + ಎಕ್ಸ್·ವೈ + ವೈ² = 9 ಎಂಬುದನ್ನು ತೆಗೆದುಕೊಳ್ಳೋಣ. ಎಕ್ಸ್ ಅಕ್ಷದ ಮೇಲೆ ವೈ ಎಲ್ಲೆಡೆಯೂ ಸೊನ್ನೆಯಾದ್ದರಿಂದ, ವೈ = 0 ಎಂದು ಆದೇಶಿಸಿದರೆ ಎಕ್ಸ್² = 9 ಉಳಿದು, (3, 0) ಮತ್ತು (−3, 0) ದೊರೆಯುತ್ತವೆ. ಎಕ್ಸ್ = 0 ಎಂದಾಗ ಹಾಗೆಯೇ (0, 3) ಮತ್ತು (0, −3).

ಉತ್ತರಪತ್ರಿಕೆಗಳಲ್ಲಿ ನಾನು ಪದೇ ಪದೇ ಕಾಣುವ ತಪ್ಪೊಂದಿದೆ. ವೈ² = ಎಕ್ಸ್³ − 4ಎಕ್ಸ್ ಎಂಬುದರಲ್ಲಿ ವೈ = 0 ಎಂದಿಟ್ಟು ಎರಡೂ ಬದಿಗಳನ್ನು ಎಕ್ಸ್‌ನಿಂದ ಭಾಗಿಸಿಬಿಟ್ಟರೆ ಅಕ್ಷಗಳು ಕೂಡುವ ಮೂಲಬಿಂದು (0, 0) ಕೈತಪ್ಪಿಹೋಗುತ್ತದೆ; ಅಪವರ್ತಿಸಿದರೆ 0, 2, −2 ಮೂರೂ ಸಿಗುತ್ತವೆ. ಎಕ್ಸ್² − ವೈ² = 4 ಎಂಬುದರಲ್ಲಿ ಎಕ್ಸ್ = 0 ಎಂದಿಟ್ಟರೆ ವೈ² = −4 ಬರುವುದರಿಂದ, ಆ ರೇಖೆ ವೈ ಅಕ್ಷವನ್ನು ಮುಟ್ಟುವುದೇ ಇಲ್ಲ.

ಇನ್ನು ಸಮ್ಮಿತಿ. ವೈ ಬದಲು −ವೈ ಬರೆದಾಗ ಸಮೀಕರಣ ಮೊದಲಿನಂತೆಯೇ ಉಳಿದರೆ ರೇಖೆಗೆ ಎಕ್ಸ್ ಅಕ್ಷದ ಕುರಿತು ಸಮ್ಮಿತಿಯಿದೆ. ಎಕ್ಸ್ ಬದಲು −ಎಕ್ಸ್ ಬರೆದಾಗ ಉಳಿದರೆ ವೈ ಅಕ್ಷದ ಕುರಿತು. ಎರಡನ್ನೂ ಒಟ್ಟಿಗೆ ಬದಲಿಸಿದಾಗ ಉಳಿದರೆ ಮೂಲಬಿಂದುವಿನ ಕುರಿತು. ನಮ್ಮ ಮೊದಲ ಉದಾಹರಣೆಯಲ್ಲಿ ಒಂದನ್ನೇ ಬದಲಿಸಿದರೆ ನಡುವಿನ ಪದದ ಚಿಹ್ನೆ ತಿರುಗುತ್ತದೆ, ಎರಡನ್ನೂ ಬದಲಿಸಿದರೆ ತಿರುಗುವುದಿಲ್ಲ. ಆದ್ದರಿಂದ ಮೂಲಬಿಂದುವಿನ ಕುರಿತು ಸಮ್ಮಿತಿ ಇದ್ದಮಾತ್ರಕ್ಕೆ ಅಕ್ಷಗಳ ಕುರಿತೂ ಇರಲೇಬೇಕೆಂದಿಲ್ಲ.

ಎಕ್ಸ್ ಮತ್ತು ವೈಗಳನ್ನು ಅದಲುಬದಲು ಮಾಡಿ ನೋಡುವ ಪರೀಕ್ಷೆಯನ್ನೂ ಮರೆಯಬಾರದು. 1638ರಲ್ಲಿ ಫ್ರೆಂಚ್ ಗಣಿತಜ್ಞ ಡೆಕಾರ್ಟ್ ಚರ್ಚೆಗೆ ತಂದ ಎಕ್ಸ್³ + ವೈ³ = 3ಎಕ್ಸ್·ವೈ ಎಂಬ ರೇಖೆ ಅಕ್ಷಗಳನ್ನು ಸಂಧಿಸುವುದು ಮೂಲಬಿಂದುವಿನಲ್ಲಿ ಮಾತ್ರ. ಆದರೆ ಅದಲುಬದಲಿನಿಂದ ಅದು ಬದಲಾಗದ ಕಾರಣ, ಅದರ ಕುಣಿಕೆಯನ್ನು ಕಾಫಿ ಎಲೆಯನ್ನು ನಡುನರದಗುಂಟ ಮಡಿಸಿದಂತೆ ವೈ = ಎಕ್ಸ್ ರೇಖೆಯ ಮೇಲೆ ಮಡಿಸಬಹುದು. ಆ ರೇಖೆಯ ಮೇಲೆ 2ಎಕ್ಸ್³ = 3ಎಕ್ಸ್² ಆಗುವುದರಿಂದ ಎಲೆಯ ತುದಿ (3/2, 3/2) ಎಂದು ತಿಳಿಯುತ್ತದೆ; (4/3, 2/3) ಬಿಂದುವನ್ನು ಗುರುತಿಸಿದರೆ ಅದರ ಪ್ರತಿಬಿಂಬವಾದ (2/3, 4/3) ಲೆಕ್ಕವಿಲ್ಲದೆಯೇ ದೊರೆಯುತ್ತದೆ.