ಕಾರು ಹೀಟ್ ಆಗ್ತಿದೆಯಾ? ಮೊದಲು ಎಲ್ಲಿ ಅಂತ ಹೇಳಿ

ಸಕಲೇಶಪುರದಲ್ಲಿ ನಮ್ಮ ಗ್ಯಾರೇಜು. ಶಿರಾಡಿ ಘಾಟಿ ಹತ್ತಿದ ಕಾರುಗಳು ಹಬೆ ಬಿಡುತ್ತಾ ಬಂದು ನಿಲ್ಲುತ್ತವೆ. ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಣ್ಣಾ’ ಅಂತ ಕೆಲವರು ಇಳಿಯುವಾಗಲೇ ಹೇಳುತ್ತಾರೆ. ಎಂಜಿನ್ ಸಾಕಷ್ಟು ಬಿಸಿಯಾದ ಮೇಲೆಯೇ ಕೂಲೆಂಟನ್ನು, ಅಂದ್ರೆ ಎಂಜಿನ್ ತಣಿಸುವ ದ್ರವವನ್ನು, ರೇಡಿಯೇಟರಿಗೆ ಹರಿಯಲು ಬಿಡುವ ವಾಲ್ವ್ ಅದು. ನಾನು ಮೊದಲು ಕೇಳುವುದು, ಹೀಟ್ ಆಗಿದ್ದು ಎಲ್ಲಿ ಅಂತ.

ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರಿ, ಓಡಿಸಿದರೆ ಇಳಿಯುತ್ತಾ? ಹಾಗಾದ್ರೆ ಫ್ಯಾನ್ ನೋಡಿ. ಕಾರು ಓಡುವಾಗ ಗಾಳಿ ತಾನಾಗೇ ರೇಡಿಯೇಟರಿಗೆ ಬಡಿಯುತ್ತದೆ, ಫ್ಯಾನಿಗೆ ಕೆಲಸ ಕಮ್ಮಿ. ಹೈವೇಯಲ್ಲೇ ಏರಿದರೆ ಥರ್ಮೋಸ್ಟಾಟ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್ ಕಡೆ ಹೋಗಿ. ಘಾಟಿಯಲ್ಲಿ ಲಾರಿ ಹಿಂದೆ ತೆವಳಿದ್ದರೆ ಎರಡನ್ನೂ ನೋಡಬೇಕು.

ಥರ್ಮೋಸ್ಟಾಟ್ ಒಳಗೆ ಮೇಣ ಇರುತ್ತದೆ. ಬಿಸಿಗೆ ಅದು ಕರಗಿ ಹಿಗ್ಗಿ ವಾಲ್ವ್ ತಳ್ಳುತ್ತದೆ. ಹೆಚ್ಚಿನವುಗಳಿಗೆ ಕರೆಂಟೂ ಇಲ್ಲ, ವೈರೂ ಇಲ್ಲ. ಸುಮಾರು 82 ಅಥವಾ 88 ಡಿಗ್ರಿಗೆ ಬಾಯಿ ಬಿಡುವುದು ಸಾಮಾನ್ಯ. ಎಷ್ಟು ಅಂತ ಹೆಚ್ಚಾಗಿ ಅದರ ಮೇಲೇ ಒತ್ತಿರುತ್ತಾರೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಬೆಲ್ಟು ಮತ್ತು ಫ್ಯಾನಿಗೆ ಕೈ ತಾಗದಂತೆ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ. ಸ್ವಲ್ಪ ಹೊತ್ತು ತಣ್ಣಗಿದ್ದು, ಆಮೇಲೆ ಏಕ್ದಂ ಬಿಸಿಯಾದರೆ ಸರಿ ಇದೆ. ಮುಳ್ಳು ಮೇಲೇರಿದರೂ ಹೋಸ್ ತಣ್ಣಗೇ ಇದ್ದರೆ ಮುಚ್ಚಿಕೊಂಡೇ ಕೂತಿರಬಹುದು. ಶುರುವಿನಿಂದಲೇ ನಿಧಾನಕ್ಕೆ ಬಿಸಿಯಾದರೆ ತೆರೆದೇ ಉಳಿದಿದೆ. ಕೆಲವು ಎಂಜಿನ್‌ಗಳಲ್ಲಿ ಇದು ಕೆಳಗಿನ ಹೋಸ್ ಕಡೆ ಇರುತ್ತದೆ, ಅಲ್ಲಿ ಈ ಲೆಕ್ಕ ನಡೆಯಲ್ಲ. ಅನುಮಾನ ಉಳಿದರೆ ಬಿಚ್ಚಿ, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ಇಳಿಬಿಟ್ಟು ಕಾಯಿಸಿ. ಕುದಿ ಬಂದರೂ ತೆರೆಯಲಿಲ್ಲವಾ, ಹೊಸದು ಹಾಕಿ.

ಸುಮ್ನೆ ಕಿತ್ತು ಹಾಕಬೇಡಿ. ಎಂಜಿನ್ ಬೇಗ ಬಿಸಿಯಾಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಡಿಸೆಂಬರ್ ಚಳಿಯಲ್ಲಿ ನಮ್ಮೂರಲ್ಲಿ ಹೀಟರಿನಿಂದ ತಣ್ಣನೆ ಗಾಳಿ ಬರುತ್ತದೆ, ಅಷ್ಟೇ.

ಇನ್ನು ಫ್ಯಾನ್. ಹಳೇ ಕಾರುಗಳಲ್ಲಿ ರೇಡಿಯೇಟರ್ ಅಥವಾ ಎಂಜಿನ್ ಮೇಲೆ ತಿರುಪಿ ಕೂರಿಸಿದ ಫ್ಯಾನ್ ಸ್ವಿಚ್ ಇರುತ್ತದೆ. ಇದು ಥರ್ಮೋಸ್ಟಾಟ್ ತೆರೆದ ಮೇಲೆಯೇ, ಇನ್ನಷ್ಟು ಬಿಸಿಗೆ ಆನ್ ಆಗುತ್ತದೆ. ಐದಾರು ಡಿಗ್ರಿ ಇಳಿದ ಮೇಲೆ ಆಫ್. ಎರಡು ವೈರಿನದ್ದಾದರೆ ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ, ತುಂಡು ವೈರಿನಿಂದ ಪ್ಲಗ್‌ನ ಎರಡೂ ಪಿನ್ ಕೂಡಿಸಿ. ಫ್ಯಾನ್ ತಿರುಗಿತಾ? ಸ್ವಿಚ್ ಹೋಗಿದೆ. ತಿರುಗಲಿಲ್ಲವಾ? ಫ್ಯೂಸ್, ರಿಲೇ, ಮೋಟಾರ್ ನೋಡಿ. ಹೊಸ ಕಾರುಗಳಲ್ಲಿ ಸೆನ್ಸರ್ ನೋಡಿ ಇಸಿಯು, ಅಂದ್ರೆ ಕಾರಿನ ಕಂಪ್ಯೂಟರ್, ಫ್ಯಾನ್ ಓಡಿಸುತ್ತದೆ, ಅಲ್ಲಿ ಈ ವೈರ್ ಆಟ ಬೇಡ, ಸ್ಕ್ಯಾನರ್ ಹಾಕಿಸಿ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ಫ್ಯಾನ್ ತಟ್ಟನೆ ತಿರುಗುತ್ತದೆ, ಬೆರಳು ದೂರ ಇರಲಿ. ಕೆಲಸ ಮುಗಿದ ಮೇಲೆ ಕೂಲೆಂಟ್ ತುಂಬಿ, ಒಳಗಿನ ಗಾಳಿ ಹೋಗುವಂತೆ ಹೀಟರ್ ಆನ್ ಇಟ್ಟು ಎಂಜಿನ್ ಓಡಿಸಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೂ ಬಾನೆಟ್ ಮುಚ್ಚಬೇಡಿ.