ಅಮ್ಮನ ಜೊತೆ ಶ್ರೀಲಂಕಾಗೆ ಹೊರಡುವ ಮುನ್ನ

ಮೊದಲು ತಿಂಗಳು ನೋಡಿ, ಆಮೇಲೆ ಟಿಕೆಟ್. ದಕ್ಷಿಣ ಕರಾವಳಿಯ ಗಾಲೆ, ಮಿರಿಸ್ಸಾ ಕಡೆಗಾದರೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಮೇ ತಿಂಗಳ ರಜೆಗೆ ಹೋಗುವವರು ಪೂರ್ವದ ಟ್ರಿಂಕೋಮಲಿ ಕಡೆ ಹೋಗಿ, ಆಗ ಅಲ್ಲಿ ಸಮುದ್ರ ಶಾಂತ.

ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಲಿ. ಇಟಿಎ (ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿ) ಅರ್ಜಿಯನ್ನು ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ಹಾಕಿ.

ಬಸವನಗುಡಿಯ ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಹಾಗಾಗಿ ನನಗೆ ಊಟದ್ದೇ ದೊಡ್ಡ ಚಿಂತೆಯಾಗಿತ್ತು. ಅಲ್ಲಿನ ಪೊಲ್ ಸಂಬೋಲ ನೋಡಲು ಥೇಟ್ ನಮ್ಮ ಕೆಂಪು ಕಾಯಿ ಚಟ್ನಿ. ಅಮ್ಮ ಬಾಯಿಗಿಡುವ ಮೊದಲು ಸುಮ್ನೆ ಕೇಳಿದೆ. ಒಣಮೀನಿನ ಚೂರು ಹಾಕಿದ್ದರು! ಅದಕ್ಕೆ ಅಲ್ಲಿ ಉಂಬಲಕಡ ಅಂತಾರೆ. ನೀವೂ ‘ಉಂಬಲಕಡ ಇದೆಯಾ?’ ಅಂತ ಪ್ರತಿ ಸಲ ಕೇಳಿ. ಇಲ್ಲದೆಯೂ ಮಾಡಿಕೊಡುತ್ತಾರೆ. ಇಡಿಯಪ್ಪ, ಬೇಳೆಯ ಪರಿಪ್ಪು, ಹಲಸಿನಕಾಯಿ ಪಲ್ಯ ತಿಂದು ಅಮ್ಮ ತುಂಬ ಖುಷಿಪಟ್ಟರು.

ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಮಂಡಿನೋವಿದ್ದರೆ ಬೇಡ, ಕೆಳಗಿನ ತೋಟವೇ ಚೆನ್ನಾಗಿದೆ. ಹತ್ತುವವರು ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಬಿಸಿಲೇರಿದರೆ ಕಷ್ಟ. ಬುದ್ಧನ ಹಲ್ಲು ಇಟ್ಟಿರುವ ಕ್ಯಾಂಡಿಯ ದಂತ ದೇವಾಲಯಕ್ಕೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯಬೇಡಿ, ಅಲ್ಲಿನ ಜನರಿಗೆ ನೋವಾಗುತ್ತೆ.

ಹುಣ್ಣಿಮೆ ದಿನ ಅಲ್ಲಿ ಸರ್ಕಾರಿ ರಜೆ. ಬ್ಯಾಂಕ್ ಕೆಲಸ ಹಿಂದಿನ ದಿನವೇ ಮುಗಿಸಿ.